ಮಿತಸಂಚಾರವೇ ಮಿತವ್ಯಯ

ಎಳೆಯ ಮಕ್ಕಳಿರುವ ಮಧ್ಯಮ ವರ್ಗದ ಸಂಸಾರವೊಂದು ಕಡಲನ್ನು ದಾಟಿ ದ್ವೀಪವೊಂದರಲ್ಲಿ ಕೆಲವು ದಿನ ಇದ್ದು ಬರಬೇಕೆಂದು ಮನಸ್ಸುಮಾಡಿದೊಡನೆ ಅದರ ಎದುರಿಗೆ ಎರಡು ಬಗೆಯ ಉಪದೇಶಗಳು ಬಂದು ನಿಲ್ಲುತ್ತವೆ. ಮಕ್ಕಳು ಸ್ವಲ್ಪ ದೊಡ್ಡವರಾಗಲಿ, ಈಗ ಹೋದರೆ ಅವರಿಗೆ ನೆನಪೂ ಉಳಿಯದು, ನಿಮಗೆ ಹಣವೂ ಉಳಿಯದು ಎಂಬುದು ಬಂಧುಗಳ ಉಪದೇಶ. ಹೋಗುವುದಾದರೆ ಒಂದು ಸ್ಥಳವನ್ನೂ ಬಿಡದೆ ನೋಡಿ ಬನ್ನಿ, ಅಷ್ಟು ದೂರಕ್ಕೆ ಮತ್ತೆ ಮತ್ತೆ ಹೋಗಲಾದೀತೇ ಎಂಬುದು ಪ್ರವಾಸವನ್ನು ವ್ಯಾಪಾರವಾಗಿ ನಡೆಸುವವರ ಉಪದೇಶ. ಮೇಲುನೋಟಕ್ಕೆ ಒಂದಕ್ಕೊಂದು ವಿರುದ್ಧವೆಂದು ತೋರುವ ಈ ಎರಡು ಮಾತುಗಳ ತಳದಲ್ಲಿರುವ ಭಾವನೆ ಮಾತ್ರ ಒಂದೇ: ಪ್ರವಾಸದ ಫಲವೆಂಬುದು ನೋಡಿ ಮುಗಿಸಿದ ಸ್ಥಳಗಳ ಸಂಖ್ಯೆಯಲ್ಲಿದೆ, ಆ ಸಂಖ್ಯೆಯನ್ನು ನೆನಪಿನಲ್ಲಿಟ್ಟುಕೊಳ್ಳಲಾರದ ಮಗುವಿಗೆ ಪ್ರವಾಸ ನಿಷ್ಫಲ, ಆ ಸಂಖ್ಯೆಯನ್ನು ಬೆಳೆಸಲಾರದ ತಂದೆತಾಯಿಗಳಿಗೆ ಅದು ನಷ್ಟ ಎಂಬುದು. ಈ ಭಾವನೆ ಸರಿಯಲ್ಲವೆಂದು ತೋರಿಸುವುದೇ ಈ ಲೇಖನದ ಉದ್ದೇಶ. ಮಕ್ಕಳೊಡನೆ ಮಾಡುವ ದ್ವೀಪಯಾತ್ರೆಯಲ್ಲಿ ಹಣಕ್ಕೆ ಹಿತವಾದ ಮಾರ್ಗವೂ ಮಗುವಿಗೆ ಹಿತವಾದ ಮಾರ್ಗವೂ ಬೇರೆ ಬೇರೆಯಲ್ಲ. ಅದು ಸೌಕರ್ಯವನ್ನು ಕತ್ತರಿಸುವ ಮಾರ್ಗವಲ್ಲ, ಸಂಚಾರವನ್ನು ಮಿತಗೊಳಿಸುವ ಮಾರ್ಗ ಎಂಬುದು ನನ್ನ ನಂಬಿಕೆ.

ನಿದರ್ಶನವಿಲ್ಲದ ವಾದಕ್ಕೆ ಬಲವಿಲ್ಲವಾದುದರಿಂದ ಒಂದು ನಿರ್ದಿಷ್ಟ ದ್ವೀಪಸಮೂಹವನ್ನು ಕಣ್ಣಮುಂದೆ ಇಟ್ಟುಕೊಳ್ಳೋಣ. ಕರ್ನಾಟಕದವರಿಗೆ ಸಮೀಪವಾದವು ಲಕ್ಷದ್ವೀಪಗಳು. ಅವುಗಳಲ್ಲಿ ಉತ್ತರಭಾಗದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ದ್ವೀಪಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಸೇರಿದ್ದವು. ಮಂಗಳೂರಿನ ಬಂದರಿಗೂ ಅವಕ್ಕೂ ಇದ್ದ ವ್ಯಾಪಾರದ ನಂಟು ಅದಕ್ಕಿಂತಲೂ ಹಳೆಯದು. ಹವಳದ ದಿಬ್ಬಗಳು ಸುತ್ತುವರಿದು ಕಾಯುವ ಅಲ್ಲಿನ ಶಾಂತಜಲ ಮಕ್ಕಳಿಗೆ ಹೇಳಿಮಾಡಿಸಿದಂತಿದ್ದರೂ, ಪ್ರವೇಶಕ್ಕೆ ಅನುಮತಿಪತ್ರ ಅಗತ್ಯವಾಗಿರುವುದರಿಂದಲೂ, ವಸತಿಯೂ ಹಡಗು ವಿಮಾನಗಳ ಆಸನಗಳೂ ಬಹಳ ಪರಿಮಿತವಾಗಿರುವುದರಿಂದಲೂ, ಸಾಮಾನ್ಯ ಗೃಹಸ್ಥನು ತನ್ನ ವೆಚ್ಚವನ್ನು ತಾನೇ ರೂಪಿಸಿಕೊಳ್ಳುವ ಸ್ವಾತಂತ್ರ್ಯ ಅಲ್ಲಿ ಕಡಿಮೆ. ಅಂಡಮಾನ್ ದ್ವೀಪಗಳಾದರೋ ಚೆನ್ನೈಯಿಂದ ಸಾವಿರದ ಮುನ್ನೂರು ಕಿಲೋಮೀಟರುಗಳಿಗೂ ಹೆಚ್ಚು ದೂರದಲ್ಲಿದ್ದರೂ, ಭಾರತೀಯರು ಪಾಸ್‌ಪೋರ್ಟ್ ಇಲ್ಲದೆ ಹೋಗಬಹುದಾದ, ಧನಿಕನಿಂದ ಹಿಡಿದು ಗುಮಾಸ್ತನವರೆಗೆ ಎಲ್ಲ ಅಂತಸ್ತಿನವರಿಗೂ ವಸತಿ ದೊರೆಯುವ, ಹಿಂದಿ ತಮಿಳು ತೆಲುಗುಗಳಲ್ಲಿ ವ್ಯವಹಾರ ಸಾಗುವ ಪ್ರದೇಶ. ಆದುದರಿಂದ ಈ ವಿಚಾರಕ್ಕೆ ಅಂಡಮಾನೇ ಯೋಗ್ಯವಾದ ನಿದರ್ಶನ. ಅದರ ಮುಖ್ಯ ಪಟ್ಟಣವಾದ ಪೋರ್ಟ್ ಬ್ಲೇರ್‌ಗೆ 2024ರಿಂದ ಶ್ರೀ ವಿಜಯಪುರಂ ಎಂದೂ, ಹ್ಯಾವ್‌ಲಾಕ್ ಮತ್ತು ನೀಲ್ ದ್ವೀಪಗಳಿಗೆ 2018ರಿಂದ ಸ್ವರಾಜ್ ದ್ವೀಪ, ಶಹೀದ್ ದ್ವೀಪ ಎಂದೂ ಅಧಿಕೃತ ನಾಮಧೇಯಗಳಿವೆ. ಟಿಕೆಟ್ಟುಗಳಲ್ಲಿಯೂ ನಕ್ಷೆಗಳಲ್ಲಿಯೂ ಎರಡೂ ಬಗೆಯ ಹೆಸರುಗಳು ಕಾಣಿಸುವುದರಿಂದ ಯಾತ್ರಿಕನು ಎರಡನ್ನೂ ತಿಳಿದಿರುವುದು ಮೇಲು.

ಮೊದಲು ಬಂಧುಗಳ ಆಕ್ಷೇಪವನ್ನು ವಿಚಾರಿಸೋಣ. ಮೂರು ವರ್ಷದ ಮಗುವಿಗೆ ಈ ಪ್ರವಾಸದ ನೆನಪು ಉಳಿಯದೆಂಬುದು ನಿಜ. ಆದರೆ ಬಾಲ್ಯದಲ್ಲಿ ನಾವು ಮಗುವಿಗಾಗಿ ಮಾಡುವ ಯಾವ ಕಾರ್ಯ ನೆನಪನ್ನು ಉದ್ದೇಶಿಸಿ ಮಾಡಿದ್ದು? ತೊಟ್ಟಿಲಲ್ಲಿ ಹಾಡಿದ ಹಾಡು, ಮಡಿಲಲ್ಲಿ ಕೂರಿಸಿಕೊಂಡು ಹೇಳಿದ ಕಥೆ, ಕೈಹಿಡಿದು ನಡೆಯಿಸಿದ ಹಾದಿ, ಇವು ಯಾವುವೂ ಸ್ಮೃತಿಯಲ್ಲಿ ಉಳಿಯದಿದ್ದರೂ ವ್ಯಕ್ತಿತ್ವದಲ್ಲಿ ಉಳಿಯುತ್ತವೆಂಬ ವಿಶ್ವಾಸದಿಂದಲೇ ಮನೆಮನೆಯಲ್ಲಿಯೂ ನಡೆದುಬಂದಿವೆ. ಕಾಲಿನ ಕೆಳಗಣ ಮರಳು ಅಲೆಯೊಡನೆ ಜಾರುವುದನ್ನು ಅನುಭವಿಸಿದ ಮಗು, ಶಂಖದ ಚಿಪ್ಪನ್ನೇ ಮನೆಯಾಗಿ ಹೊತ್ತು ನಡೆಯುವ ಏಡಿಯನ್ನು ಮೊಣಕಾಲೂರಿ ನೋಡಿದ ಮಗು, ಕೆಲಸದ ಚಿಂತೆಯಿಲ್ಲದ ತಂದೆಯನ್ನೂ ಅಡುಗೆಮನೆಯ ಧಾವಂತವಿಲ್ಲದ ತಾಯಿಯನ್ನೂ ವಾರಪೂರ್ತಿ ತನ್ನ ಬಳಿಯಲ್ಲಿ ಕಂಡ ಮಗು ಪಡೆಯುವ ಲಾಭ ಅದೇ ಜಾತಿಯದು. ಇನ್ನು ನೆನಪಿನ ಮಾತಾದರೂ, ಆ ವಯಸ್ಸಿನ ಮಗುವಿನ ಸವಿ ತಂದೆತಾಯಿಗಳ ನೆನಪಿನಲ್ಲಿ ಉಳಿಯುವುದೂ ಸಂಸಾರದ ಸಂಪತ್ತೇ ಸರಿ. ಈ ಲಾಭವನ್ನು ಒಪ್ಪಿದರೆ ಪ್ರವಾಸದ ಅಳತೆಗೋಲೂ ಬದಲಾಗುತ್ತದೆ: ಎಷ್ಟು ನೋಡಿದೆವು ಎಂಬುದರ ಬದಲಿಗೆ ಎಷ್ಟು ಹೊತ್ತು ನೆಮ್ಮದಿಯಿಂದ ಒಟ್ಟಿಗಿದ್ದೆವು ಎಂಬುದು ಮುಖ್ಯವಾಗುತ್ತದೆ. ವೆಚ್ಚದ ಲೆಕ್ಕವನ್ನು ಈ ಹೊಸ ಅಳತೆಗೋಲಿನಿಂದಲೇ ಹಾಕಿ ನೋಡಬೇಕು.

ಅಂಡಮಾನ್ ಯಾತ್ರೆಯ ಆಯವ್ಯಯದಲ್ಲಿ ಸಾಮಾನ್ಯವಾಗಿ ಅತಿ ದೊಡ್ಡ ಬಾಬತ್ತು ವಿಮಾನದ ದರ. ಎರಡು ವರ್ಷ ತುಂಬದ ಮಗು ಪ್ರತ್ಯೇಕ ಆಸನವಿಲ್ಲದೆ ಹಿರಿಯರ ಮಡಿಲಿನಲ್ಲಿ ಕುಳಿತು ಅಲ್ಪ ಶುಲ್ಕದಲ್ಲಿ ಪ್ರಯಾಣಮಾಡಬಹುದು. ಎರಡು ತುಂಬಿದೊಡನೆ ಅದಕ್ಕೂ ಆಸನ ಬೇಕು, ಬಹುಮಟ್ಟಿಗೆ ದೊಡ್ಡವರ ದರವನ್ನೇ ತೆರಬೇಕು. ಹೋಗುವಾಗ ಎರಡು ತುಂಬದೆ, ಹಿಂತಿರುಗುವ ದಿನಕ್ಕೆ ತುಂಬಿದ್ದರೆ ಹಿಂತಿರುಗುವ ಪ್ರಯಾಣಕ್ಕೆ ಆಸನ ಕೊಳ್ಳಬೇಕಾಗುತ್ತದೆಂಬುದನ್ನು ಟಿಕೆಟ್ಟು ತೆಗೆಸುವ ಮೊದಲೇ ಗಮನಿಸತಕ್ಕದ್ದು. ಹೀಗೆ ನಾಲ್ಕು ಜನರ ಸಂಸಾರಕ್ಕೆ ಹೋಗಿಬರುವ ವಿಮಾನವೆಚ್ಚ 60,000 ರೂಪಾಯಿಯಾಯಿತೆಂದು ಲೆಕ್ಕದ ಅನುಕೂಲಕ್ಕಾಗಿ ಭಾವಿಸೋಣ. ಅಲ್ಲಿ ನಾಲ್ಕು ದಿನವಿದ್ದರೆ ದಿನವೊಂದಕ್ಕೆ ಈ ಬಾಬತ್ತಿನಿಂದ ಬೀಳುವ ಭಾರ 15,000. ಎಂಟು ದಿನವಿದ್ದರೆ 7,500. ದ್ವೀಪದಲ್ಲಿ ಒಂದು ದಿನ ಹೆಚ್ಚಾಗಿ ಇರುವುದರಿಂದ ಕೋಣೆಯ ಬಾಡಿಗೆಯೂ ಊಟದ ಖರ್ಚೂ ಮಾತ್ರ ಹೆಚ್ಚುತ್ತವೆ. ಊಟವೋ ಮನೆಯಲ್ಲಿದ್ದರೂ ತಪ್ಪಿದ್ದಲ್ಲ. ಆದುದರಿಂದ ಹಣವಿಲ್ಲವೆಂದು ದಿನಗಳನ್ನು ಕಡಿಮೆಮಾಡಿ, ಕಡಿಮೆಯಾದ ದಿನಗಳಲ್ಲಿ ಹೆಚ್ಚು ಸ್ಥಳಗಳನ್ನು ತುರುಕುವುದು ಲೆಕ್ಕಕ್ಕೇ ವಿರುದ್ಧವಾದ ಕೆಲಸ. ಒಮ್ಮೆ ಹೋದಮೇಲೆ ಹೆಚ್ಚು ದಿನ ಇರುವುದೂ, ಇದ್ದಷ್ಟು ದಿನ ಕಡಿಮೆ ಅಲೆಯುವುದೂ ಮಿತವ್ಯಯದ ಮೊದಲನೆಯ ಸೂತ್ರ.

ವಿಮಾನಕ್ಕಿಂತ ಹಡಗು ಅಗ್ಗವಲ್ಲವೇ ಎಂದು ಕೇಳುವವರುಂಟು. ಚೆನ್ನೈ, ಕೋಲ್ಕತ್ತ, ವಿಶಾಖಪಟ್ಟಣಗಳಿಂದ ಪೋರ್ಟ್ ಬ್ಲೇರ್‌ಗೆ ಪ್ರಯಾಣಿಕರ ಹಡಗುಗಳಿವೆ. ಅವುಗಳ ಕೆಳದರ್ಜೆಯ ದರ ವಿಮಾನದ ದರಕ್ಕಿಂತ ಬಹಳ ಕಡಿಮೆ. ಆದರೆ ಸಮುದ್ರದ ಮೇಲೆ ಒಂದೊಂದು ದಿಕ್ಕಿಗೆ ಮೂರು ನಾಲ್ಕು ದಿನ ಕಳೆಯಬೇಕು. ಹೊರಡುವ ದಿನಗಳೂ ವಿರಳ. ಹರೆಯದ ಯಾತ್ರಿಕನಿಗೆ ಅದೊಂದು ಅಪೂರ್ವ ಅನುಭವವಾದೀತು. ಎರಡು ವರ್ಷ ತುಂಬದ ಶಿಶುಗಳಿಗೆ ಕಡಲಿನ ತಲೆಸುತ್ತು ಬಾಧಿಸುವುದು ಅಪರೂಪವಾದರೂ ಅದಕ್ಕೆ ಮೇಲ್ಪಟ್ಟ ಮಕ್ಕಳಿಗೆ ಅದು ಸಾಮಾನ್ಯ. ವಾಂತಿಮಾಡುವ ಮಗುವನ್ನು ಮೂರು ದಿನ ತೂಗುವ ಹಡಗಿನಲ್ಲಿ ಸಂತೈಸುವ ತಾಯಿಯ ಶ್ರಮಕ್ಕೆ ದರಪಟ್ಟಿಯಲ್ಲಿ ಅಂಕಣವಿಲ್ಲ. ಅಲ್ಲದೆ, ಮಿತವಾದ ರಜೆಯುಳ್ಳ ನೌಕರನು ಆರೇಳು ದಿನಗಳನ್ನು ಪ್ರಯಾಣದಲ್ಲಿಯೇ ಕಳೆದರೆ ಉಳಿಸಿದ ಹಣಕ್ಕಿಂತ ಕಳೆದುಕೊಂಡ ದಿನಗಳ ಬೆಲೆಯೇ ಹೆಚ್ಚು. ಅಗ್ಗವಾದುದೆಲ್ಲ ಮಿತವ್ಯಯವಲ್ಲ, ಪ್ರಯೋಜನಕ್ಕೆ ತಕ್ಕಷ್ಟೇ ವೆಚ್ಚವಾಗುವುದು ಮಿತವ್ಯಯ.

ಆದರೆ ವಿಮಾನದ ದರವನ್ನೇ ತಗ್ಗಿಸುವ ಉಪಾಯವೊಂದು ಎಳೆಯ ಮಕ್ಕಳ ತಂದೆತಾಯಿಗಳ ಕೈಯಲ್ಲಿದೆ. ಬಹು ಜನ ಅದನ್ನು ಬಳಸಿಕೊಳ್ಳುವುದಿಲ್ಲ. ನಮ್ಮ ಪ್ರವಾಸಗಳೆಲ್ಲ ಶಾಲೆಯ ರಜೆಗೆ ಕಟ್ಟುಬಿದ್ದಿವೆ. ದಸರೆಯ ರಜೆಯ ಕಾಲದಲ್ಲಿ ಅಂಡಮಾನಿನಲ್ಲಿ ಒಂದು ಮಳೆಗಾಲ ಮುಗಿದು ಇನ್ನೊಂದು ಮೊದಲಾಗುವ ಹೊತ್ತು. ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ನೈಋತ್ಯ ಮಾರುತ, ತರುವಾಯ ಈಶಾನ್ಯ ಮಾರುತ, ಹೀಗೆ ವರ್ಷದ ಬಹುಭಾಗ ಅಲ್ಲಿ ಮಳೆ ಸುರಿಯುತ್ತದೆ. ಕ್ರಿಸ್‌ಮಸ್ ಮತ್ತು ಹೊಸವರ್ಷದ ವಾರಗಳಲ್ಲಿ ದೇಶದ ಎಲ್ಲ ಕಡೆಯ ಜನರೂ ಅಲ್ಲಿಗೇ ಹೊರಡುವುದರಿಂದ ಎಲ್ಲದರ ದರವೂ ಏರುತ್ತದೆ. ಕಡಲು ಶಾಂತವಾಗಿ, ಆಕಾಶ ನಿರ್ಮಲವಾಗಿ, ಜನಸಂದಣಿ ಸ್ವಲ್ಪ ಕರಗಿರುವ ಕಾಲವೆಂದರೆ ಜನವರಿಯ ಉತ್ತರಾರ್ಧದಿಂದ ಮಾರ್ಚಿಯವರೆಗೆ. ಶಾಲೆಗೆ ಸೇರದ ಅಥವಾ ಇನ್ನೂ ಶಿಶುವಿಹಾರದಲ್ಲಿರುವ ಮಗುವಿನ ಸಂಸಾರಕ್ಕೆ ಮಾತ್ರ ಈ ಕಾಲದಲ್ಲಿ ಹೊರಡುವ ಸ್ವಾತಂತ್ರ್ಯವಿದೆ. ಮಗು ಒಂದನೆಯ ತರಗತಿಗೆ ಬಂದಮೇಲೆ ಆ ಸ್ವಾತಂತ್ರ್ಯ ಮುಗಿಯಿತು. ಮಕ್ಕಳು ದೊಡ್ಡವರಾಗಲಿ ಎಂದು ಕಾಯುವ ಸಂಸಾರ ಹಣವನ್ನು ಉಳಿಸುತ್ತಿಲ್ಲ. ಅತ್ಯಂತ ದುಬಾರಿಯಾದ ಋತುವಿಗೆ ತನ್ನನ್ನು ತಾನೇ ಒಪ್ಪಿಸಿಕೊಳ್ಳುತ್ತಿದೆ.

ದ್ವೀಪವನ್ನು ಮುಟ್ಟಿದಮೇಲಣ ವೆಚ್ಚದ ವಿಚಾರ ಹೇಗೆಂದು ನೋಡೋಣ. ಐದು ರಾತ್ರಿ ಆರು ಹಗಲುಗಳ ಪ್ಯಾಕೇಜಿನ ಸಾಮಾನ್ಯ ಸ್ವರೂಪವಿದು: ಮೊದಲ ದಿನ ಪೋರ್ಟ್ ಬ್ಲೇರಿನ ಸೆಲ್ಯುಲರ್ ಜೈಲು ಮತ್ತು ಅಲ್ಲಿನ ಧ್ವನಿಬೆಳಕಿನ ಪ್ರದರ್ಶನ, ಎರಡನೆಯ ದಿನ ರಾಸ್ ದ್ವೀಪ, ನಾರ್ತ್ ಬೇ, ಮೂರನೆಯ ದಿನ ಹ್ಯಾವ್‌ಲಾಕ್, ನಾಲ್ಕನೆಯ ದಿನ ಎಲಿಫೆಂಟ್ ಬೀಚ್, ಐದನೆಯ ದಿನ ನೀಲ್, ಆರನೆಯ ದಿನ ಹಿಂತಿರುಗುವುದು. ಪೋರ್ಟ್ ಬ್ಲೇರ್, ಹ್ಯಾವ್‌ಲಾಕ್, ನೀಲ್, ಮತ್ತೆ ಪೋರ್ಟ್ ಬ್ಲೇರ್ ಎಂದರೆ ಮೂರು ಸಮುದ್ರಪ್ರಯಾಣ; ಪ್ರತಿಯೊಂದಕ್ಕೂ ಸಂಸಾರದ ಟಿಕೆಟ್ಟುಗಳು, ಎರಡು ತುದಿಗಳಲ್ಲಿಯೂ ಆಟೋ ಅಥವಾ ಟ್ಯಾಕ್ಸಿ, ಬೆಳಗಾಗುತ್ತಲೇ ಕೋಣೆಯನ್ನು ಖಾಲಿಮಾಡುವ ಅವಸರ, ಜೆಟ್ಟಿಯ ಬಿಸಿಲಿನಲ್ಲಿ ಕಾಯುವಿಕೆ. ಒಂದೇ ದ್ವೀಪವನ್ನು ಆರಿಸಿಕೊಂಡರೆ ಮೂರು ಪ್ರಯಾಣ ಎರಡಾಗುತ್ತವೆ. ಗಂಟುಮೂಟೆ ಕಟ್ಟಿ ಬಿಚ್ಚುವ ಕೆಲಸ ಕಡಿಮೆಯಾಗುತ್ತದೆ. ಮಧ್ಯಾಹ್ನದ ನಿದ್ರೆ ತಪ್ಪಿದ ಮಗುವಿನ ಅಳು ನಿಲ್ಲುತ್ತದೆ. ಮಗುವಿನ ದೃಷ್ಟಿಯಿಂದ ನೋಡಿದರೆ ಒಂದು ಕಡಲತೀರಕ್ಕೂ ಮತ್ತೊಂದಕ್ಕೂ ಯಾವ ಭೇದವೂ ಇಲ್ಲ. ಅದಕ್ಕೆ ಭೇದವಿರುವುದು ನಿನ್ನೆ ತಾನು ತೋಡಿದ ಮರಳಿನ ಗುಂಡಿಯ ಬಳಿಗೆ ಇಂದು ಮತ್ತೆ ಹೋಗಬಹುದೇ ಇಲ್ಲವೇ ಎಂಬುದರಲ್ಲಿ. ಪರಿಚಯವಾದ ತೀರದ ಮೇಲೆ ಮಗುವಿಗೆ ಅಧಿಕಾರ ಬರುತ್ತದೆ. ಆ ಅಧಿಕಾರವೇ ಅದರ ಆನಂದ.

ಬಿಟ್ಟುಬಿಡುವುದರಿಂದಲೇ ಒಳಿತಾಗುವ ಒಂದು ಸ್ಥಳವನ್ನು ಪ್ರತ್ಯೇಕವಾಗಿ ಹೇಳಬೇಕು. ಬಾರಾತಾಂಗಿನ ಸುಣ್ಣಕಲ್ಲಿನ ಗುಹೆಗಳನ್ನು ನೋಡಲು ಹೋಗುವವರು ನಸುಕಿಗೆ ಮೊದಲೇ ಎದ್ದು, ಜಿರ್ಕಾಟಾಂಗ್ ಎಂಬಲ್ಲಿ ಸಾಲುಗಟ್ಟಿ ನಿಂತು, ಪೊಲೀಸರ ಬೆಂಗಾವಲಿನ ವಾಹನಪಂಕ್ತಿಯಲ್ಲಿ ಜಾರವಾ ಜನರ ಮೀಸಲು ಅರಣ್ಯದ ನಡುವೆ ಅಂಡಮಾನ್ ಟ್ರಂಕ್ ರಸ್ತೆಯಲ್ಲಿ ಸಾಗಬೇಕು. ಎಳೆಯ ಮಕ್ಕಳಿಗೆ ಈ ದಿನ ಎಷ್ಟು ದೀರ್ಘವೆಂಬುದನ್ನು ವಿವರಿಸಬೇಕಾಗಿಲ್ಲ. ಅದಕ್ಕಿಂತ ಮುಖ್ಯವಾದ ಕಾರಣ ಬೇರೆ. ಕೆಲವೇ ನೂರು ಮಂದಿಯುಳ್ಳ ಆ ಜನಾಂಗ ಹೊರಗಿನವರೊಡನೆ ಸಂಪರ್ಕಕ್ಕೆ ತಾನಾಗಿ ಬಂದುದು 1990ರ ದಶಕದ ಕೊನೆಯಲ್ಲಿ. 1999ರಲ್ಲಿಯೇ ಅವರಲ್ಲಿ ದಡಾರ ಹಬ್ಬಿತು. ನಮ್ಮ ಮಕ್ಕಳಿಗೆ ಸಾಮಾನ್ಯವಾಗಿರುವ ವ್ಯಾಧಿಗಳನ್ನು ಎದುರಿಸುವ ಶಕ್ತಿ ಅವರ ದೇಹದಲ್ಲಿ ಬೆಳೆದಿಲ್ಲ. 1956ರ ಆದಿವಾಸಿ ಸಂರಕ್ಷಣಾ ನಿಯಮಾವಳಿ ಅವರ ಪ್ರದೇಶವನ್ನು ರಕ್ಷಿಸುತ್ತದೆ. ಅವರ ಛಾಯಾಚಿತ್ರ ತೆಗೆಯುವುದೂ ಅವರಿಗೆ ತಿನಿಸು ಕೊಡುವುದೂ ಅಪರಾಧ. ಹಾಗಿದ್ದರೂ ಮನುಷ್ಯರನ್ನು ನೋಟದ ವಸ್ತುವಾಗಿ ಮಾಡಿಕೊಂಡು ಅವರ ಕಾಡಿನ ನಡುವೆ ವಾಹನಗಳು ಹಾಯುವುದು ನಿಂತಿಲ್ಲ. ಕಿಟಕಿಯಿಂದ ಇಣುಕಿ ಮತ್ತೊಬ್ಬ ಮನುಷ್ಯನನ್ನು ಕುತೂಹಲದಿಂದ ಹುಡುಕುವ ಪಾಠವನ್ನು ನಮ್ಮ ಮಕ್ಕಳಿಗೆ ಹಣ ತೆತ್ತು ಕಲಿಸಬೇಕೇ? ಈ ಒಂದು ದಿನವನ್ನು ಕೈಬಿಟ್ಟರೆ ಹಣವೂ ನಿದ್ರೆಯೂ ಧರ್ಮವೂ ಒಟ್ಟಿಗೇ ಉಳಿಯುತ್ತವೆ.

ಹಾಗಾದರೆ ಯಾವ ದ್ವೀಪವನ್ನು ಆರಿಸಿಕೊಳ್ಳಬೇಕು? ಹ್ಯಾವ್‌ಲಾಕ್ ಪೋರ್ಟ್ ಬ್ಲೇರಿನಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿದೆ. ಹಡಗಿನ ವೇಗವನ್ನನುಸರಿಸಿ ಒಂದೂವರೆಯಿಂದ ಎರಡೂವರೆ ಗಂಟೆಯ ಪ್ರಯಾಣ. ಖಾಸಗಿ ಹಡಗುಗಳು ವೇಗವಾಗಿ ಹೋಗುತ್ತವೆ, ದರ ಹೆಚ್ಚು. ಸರ್ಕಾರದ ಹಡಗುಗಳು ನಿಧಾನ, ದರ ಕಡಿಮೆ, ಮೇಲಟ್ಟದಲ್ಲಿ ಗಾಳಿಗೆ ನಿಲ್ಲಬಹುದಾದುದರಿಂದ ತಲೆಸುತ್ತು ಬರುವ ಮಕ್ಕಳಿಗೆ ಎಷ್ಟೋ ವೇಳೆ ಅವೇ ಲೇಸು. ವಿಶಾಲವಾದ ಮರಳಿನ ರಾಧಾನಗರ ತೀರ ಹ್ಯಾವ್‌ಲಾಕಿನ ಹೆಮ್ಮೆ. ನೀಲ್ ಅದಕ್ಕಿಂತ ಚಿಕ್ಕದು, ಶಾಂತವಾದುದು. ತರಕಾರಿ ಬೆಳೆಯುವ ಹೊಲಗಳ ದ್ವೀಪ. ದೇಶವಿಭಜನೆಯ ತರುವಾಯ ಪೂರ್ವಬಂಗಾಳದಿಂದ ನಿರಾಶ್ರಿತರಾಗಿ ಬಂದ ಸಂಸಾರಗಳು ಈ ಎರಡು ದ್ವೀಪಗಳಲ್ಲಿಯೂ ನೆಲೆಸಿ, ಕಾಡು ಕಡಿದು ಗದ್ದೆಮಾಡಿ, ತಮ್ಮ ಹಳ್ಳಿಗಳಿಗೆ ತಮ್ಮ ದೇವರ ಹೆಸರುಗಳನ್ನಿಟ್ಟರು. ಹ್ಯಾವ್‌ಲಾಕಿನಲ್ಲಿ ರಾಧಾನಗರ, ಗೋವಿಂದನಗರ, ಶ್ಯಾಮನಗರ, ಕೃಷ್ಣನಗರ. ನೀಲ್‌ನಲ್ಲಿ ರಾಮನಗರ, ಸೀತಾಪುರ, ಭರತಪುರ, ಲಕ್ಷ್ಮಣಪುರ. ಅಜ್ಜಿಯ ಬಾಯಿಂದ ರಾಮಾಯಣದ ಕಥೆ ಕೇಳಿದ ಐದು ವರ್ಷದ ಮಗುವಿಗೆ, ಬೆಳಗ್ಗೆ ಸೀತಾಪುರದಲ್ಲಿ ಸೂರ್ಯೋದಯವನ್ನೂ ಸಂಜೆ ಲಕ್ಷ್ಮಣಪುರದಲ್ಲಿ ಸೂರ್ಯಾಸ್ತವನ್ನೂ ತೋರಿಸಿ, ಎಲ್ಲವನ್ನೂ ಕಳೆದುಕೊಂಡು ಬಂದ ಜನ ಈ ಹೆಸರುಗಳನ್ನು ಮಾತ್ರ ಜೊತೆಗೆ ತಂದರೆಂದು ಹೇಳುವ ಅವಕಾಶ ಯಾವ ಪ್ಯಾಕೇಜಿನಲ್ಲಿಯೂ ಸಿಗಲಾರದು. ಅದಕ್ಕೆ ಬೇಕಾದುದು ಬಾಡಿಗೆಯ ಒಂದು ಆಟೋ ಮತ್ತು ತುಸು ಬಿಡುವು. ಈ ಕಾರಣದಿಂದಲೂ, ದ್ವೀಪದ ಒಂದು ತುದಿಯಿಂದ ಇನ್ನೊಂದು ತುದಿಗೆ ಇರುವ ಅಂತರ ಅಲ್ಪವಾದುದರಿಂದಲೂ, ಎಳೆಯ ಮಕ್ಕಳ ಸಂಸಾರಕ್ಕೆ ನೀಲ್ ದ್ವೀಪವೇ ಶ್ರೇಷ್ಠವೆಂದು ನಾನು ಹೇಳುವೆನು. ತಿಳಿನೀರಿನಲ್ಲಿ ಈಜಾಡುವುದೇ ಪ್ರಧಾನವೆನ್ನುವವರು ಹ್ಯಾವ್‌ಲಾಕನ್ನು ಆರಿಸಲಿ. ಆದರೆ ಒಂದನ್ನೇ ಆರಿಸಲಿ.

ಮಿತಸಂಚಾರದಿಂದ ಉಳಿದ ಹಣವನ್ನು ಎಲ್ಲಿ ಉದಾರವಾಗಿ ವ್ಯಯಿಸಬೇಕೆಂಬುದೂ ಆಯವ್ಯಯದ ಅಂಗವೇ. ನನ್ನ ಉತ್ತರ: ತೀರಕ್ಕೆ ಹತ್ತಿರವಾದ, ನೆರಳುಳ್ಳ, ಗಾಳಿಯಾಡುವ ಕೋಣೆಗೆ. ಇದಕ್ಕೆ ಕಾರಣ ಆಕಾಶದಲ್ಲಿದೆ. ಭಾರತದ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಪೋರ್ಟ್ ಬ್ಲೇರ್ ಇರುವುದು 92.7 ಡಿಗ್ರಿಯಲ್ಲಿ. ಡಿಗ್ರಿಯೊಂದಕ್ಕೆ ನಾಲ್ಕು ನಿಮಿಷದಂತೆ ಅಲ್ಲಿನ ಸೂರ್ಯ ಗಡಿಯಾರಕ್ಕಿಂತ ಸುಮಾರು 40 ನಿಮಿಷ ಮುಂದೆ. ಡಿಸೆಂಬರಿನಲ್ಲಿ ಸಂಜೆ ಐದು ಗಂಟೆಯ ಹೊತ್ತಿಗೇ ಹೊತ್ತು ಮುಳುಗುತ್ತದೆ. ಫೆಬ್ರವರಿಯಲ್ಲಿಯೂ ಹನ್ನೊಂದೂವರೆಗೇ ನಡುಹಗಲು. ಹತ್ತು ಗಂಟೆಗೆ ನಿಧಾನವಾಗಿ ತೀರಕ್ಕೆ ಹೊರಡುವ ಪ್ರವಾಸಿಗಳು ಅತ್ಯಂತ ತೀಕ್ಷ್ಣವಾದ ಬಿಸಿಲಿನಲ್ಲಿ ಮಕ್ಕಳನ್ನು ನಿಲ್ಲಿಸುತ್ತಾರೆ. ಆದರೆ ಎಳೆಯ ಮಕ್ಕಳಾದರೋ ಎಲ್ಲಿದ್ದರೂ ನಸುಕಿನಲ್ಲಿಯೇ ಏಳುವವರು. ಮನೆಯಲ್ಲಿ ತೊಂದರೆಯೆನಿಸುವ ಈ ಸ್ವಭಾವ ಅಂಡಮಾನಿನಲ್ಲಿ ವರವಾಗುತ್ತದೆ: ಆರರಿಂದ ಒಂಬತ್ತರವರೆಗೆ ನೀರಿನ ಆಟ, ಬಿಸಿಲೇರುತ್ತಲೇ ಕೋಣೆಗೆ ಮರಳಿ ಊಟ, ನಿದ್ರೆ, ಮೂರರಿಂದ ಸೂರ್ಯಾಸ್ತದವರೆಗೆ ಮತ್ತೆ ತೀರ. ಈ ದಿನಚರಿ ಸಾಧ್ಯವಾಗಬೇಕಾದರೆ ವಸತಿ ತೀರಕ್ಕೆ ಕಾಲ್ನಡಿಗೆಯ ದೂರದಲ್ಲಿರಬೇಕು. ದೂರದ ಅಗ್ಗದ ಕೋಣೆಯನ್ನು ಹಿಡಿದು ದಿನಕ್ಕೆ ನಾಲ್ಕು ಬಾರಿ ಆಟೋ ಹತ್ತುವವನು ಬಾಡಿಗೆಯಲ್ಲಿ ಉಳಿಸಿದ್ದನ್ನು ದಾರಿಯಲ್ಲಿ ಕಳೆದುಕೊಳ್ಳುತ್ತಾನೆ. ಮಗು ನಿದ್ರೆಯನ್ನು ಕಳೆದುಕೊಳ್ಳುತ್ತದೆ.

ಸೂರ್ಯನಂತೆ ಚಂದ್ರನ ಲೆಕ್ಕವೂ ತಿಳಿದಿರಬೇಕು. ದಿನಕ್ಕೆ ಎರಡು ಬಾರಿ ಉಬ್ಬರ, ಎರಡು ಬಾರಿ ಇಳಿತ. ದಿನದಿಂದ ದಿನಕ್ಕೆ ಅವು ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತವೆ. ಇಳಿತದ ವೇಳೆಯಲ್ಲಿ ನೀಲ್‌ನ ಭರತಪುರದಲ್ಲಿಯೂ ಹ್ಯಾವ್‌ಲಾಕಿನ ಪೂರ್ವತೀರದಲ್ಲಿಯೂ ನೀರು ಬಹುದೂರ ಹಿಂದೆ ಸರಿದು ಹವಳದ ಚೂಪಾದ ಕಲ್ಲುಗಳು ಮೇಲೇಳುತ್ತವೆ; ಆಗ ಈಜು ಅಸಾಧ್ಯ, ಬರಿಗಾಲು ಅಪಾಯ. ಆದರೆ ಅದೇ ವೇಳೆಯಲ್ಲಿ ಕಲ್ಲಿನ ಕುಳಿಗಳಲ್ಲಿ ನಿಂತ ಮೊಣಕಾಲುದ್ದದ ನೀರಿನಲ್ಲಿ ಸಣ್ಣ ಮೀನು, ನಕ್ಷತ್ರಮೀನು, ಸಮುದ್ರಸೌತೆ ಮೊದಲಾದವು ಕಾಣಸಿಗುತ್ತವೆ. ಬುಡ ಗಟ್ಟಿಯಾದ ಪಾದರಕ್ಷೆ ತೊಡಿಸಿ, ಯಾವುದನ್ನೂ ಮುಟ್ಟದೆ ತುಳಿಯದೆ ತೋರಿಸಿದರೆ, ಕಡಲಿನಾಳಕ್ಕೆ ಇಳಿಯುವ ದುಬಾರಿ ಕ್ರೀಡೆಗಳ ಅಗತ್ಯವೇ ಬೀಳದು. ಒತ್ತಿ ತುಂಬಿದ ಗಾಳಿಯ ತೊಟ್ಟಿ ಹೊತ್ತು ಮುಳುಗುವ ಕ್ರೀಡೆಗೆ ಹತ್ತು ವರ್ಷದೊಳಗಿನ ಮಕ್ಕಳನ್ನು ಸಾಮಾನ್ಯವಾಗಿ ಸೇರಿಸಿಕೊಳ್ಳುವುದೂ ಇಲ್ಲ. ಜಲಕ್ರೀಡೆಯ ಬಾಬತ್ತನ್ನು ಹೀಗೆ ಪೂರ್ತಿಯಾಗಿ ಅಳಿಸಿಹಾಕಿದರೂ ಮಗುವಿನ ಆನಂದದಲ್ಲಿ ಎಳ್ಳಷ್ಟೂ ಕೊರತೆಯಾಗುವುದಿಲ್ಲ.

ಎಂದೂ ಮಿತಗೊಳಿಸಬಾರದ ಬಾಬತ್ತು ಸುರಕ್ಷತೆ. 2010ರಲ್ಲಿ ಹ್ಯಾವ್‌ಲಾಕಿನ ರಾಧಾನಗರದ ಸಮೀಪದ ನೀರಿನಲ್ಲಿ ವಿದೇಶೀ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾದರು. ಉಪ್ಪುನೀರಿನ ಮೊಸಳೆಗಳು ಕಾಂಡ್ಲಾ ಕಾಡುಗಳಿಂದಲೂ ಹಳ್ಳಗಳ ಮುಖಗಳಿಂದಲೂ ಕಡಲಿಗೆ ಬರುವುದುಂಟು. ಎಚ್ಚರಿಕೆಯ ಫಲಕವಿರುವಲ್ಲಿ, ಹಳ್ಳ ಕಡಲನ್ನು ಸೇರುವಲ್ಲಿ, ಕತ್ತಲಾದಮೇಲೆ ಎಲ್ಲಿಯೂ, ನೀರಿಗಿಳಿಯಲೇಬಾರದು. ದೋಣಿ ಹತ್ತುವ ಮೊದಲು ಮಗುವಿನ ಅಳತೆಯ ಲೈಫ್ ಜಾಕೆಟ್ ಇದೆಯೇ ಎಂದು ಕೇಳಬೇಕು, ಇಲ್ಲವಾದರೆ ಹತ್ತಬಾರದು. ಸಂಜೆ ಮರಳಿನ ನೊಣಗಳು ಕಚ್ಚುವುದರಿಂದ ತುಂಬುತೋಳಿನ ಹತ್ತಿಯ ಅಂಗಿ ಬೇಕು. ಸಣ್ಣ ದ್ವೀಪಗಳಲ್ಲಿರುವುದು ಪ್ರಾಥಮಿಕ ಚಿಕಿತ್ಸೆಯ ಸೌಲಭ್ಯ ಮಾತ್ರ. ದೊಡ್ಡ ಆಸ್ಪತ್ರೆ ಪೋರ್ಟ್ ಬ್ಲೇರಿನಲ್ಲಿದೆ, ನಡುವೆ ಕಡಲಿದೆ. ಆದುದರಿಂದ ಜ್ವರದ ಔಷಧಿ, ಓ.ಆರ್.ಎಸ್. ಪೊಟ್ಟಣಗಳು, ಜ್ವರಮಾಪಕ, ಗಾಯದ ಮುಲಾಮು, ವೈದ್ಯರ ಸಲಹೆ ಪಡೆದು ತಂದ ವಾಂತಿಯ ಔಷಧಿ ಇವು ಮನೆಯಿಂದಲೇ ಹೊರಡಬೇಕು. ಹಿಂದಿರುಗುವ ವಿಮಾನದ ಹಿಂದಿನ ದಿನವೇ ಪೋರ್ಟ್ ಬ್ಲೇರ್‌ಗೆ ಮರಳಿ ಅಲ್ಲಿ ತಂಗುವುದೂ ಸುರಕ್ಷತೆಯ ಭಾಗವೇ. ಹವಾಮಾನ ಕೆಟ್ಟರೆ ಹಡಗುಗಳು ನಿಲ್ಲುತ್ತವೆ. ಒಂದು ರಾತ್ರಿಯ ಬಾಡಿಗೆಯನ್ನು ಉಳಿಸಹೋಗಿ ಸಂಸಾರದ ಅಷ್ಟೂ ವಿಮಾನ ಟಿಕೆಟ್ಟುಗಳನ್ನು ಕಳೆದುಕೊಳ್ಳುವುದು ವಿವೇಕವಲ್ಲ.

ಆಹಾರದ ವಿಷಯ ಜನ ಭಯಪಡುವಷ್ಟು ಕಠಿಣವಲ್ಲ. ಬಂಗಾಳಿ ಮೂಲದ ದ್ವೀಪವಾಸಿಗಳ ನಿತ್ಯದ ಊಟ ಅನ್ನ, ಬೇಳೆ, ಪಲ್ಯ, ಮೀನು. ಪೋರ್ಟ್ ಬ್ಲೇರಿನ ತಮಿಳರ ಉಪಾಹಾರಗೃಹಗಳಲ್ಲಿ ಇಡ್ಲಿ ದೋಸೆಗಳಿಗೆ ಕೊರತೆಯಿಲ್ಲ. ಎಳನೀರು ಬಾಳೆಹಣ್ಣುಗಳು ಎಲ್ಲ ಕಡೆಯಲ್ಲಿಯೂ ದೊರೆಯುತ್ತವೆ. ವಸತಿಗೃಹದ ಭೋಜನಶಾಲೆಗೆ ಕಟ್ಟುಬೀಳದೆ ಮಾರುಕಟ್ಟೆಯ ಸಣ್ಣ ಊಟದ ಮನೆಗೆ ಹೋದರೆ, ಅನ್ನಕ್ಕೆ ಬೇಳೆ ಕಲಸಿ ತುತ್ತು ಮಾಡಿ ಉಣ್ಣಿಸುವ ಕನ್ನಡದ ತಾಯಿಗೆ ಅಲ್ಲಿ ಪರಕೀಯವಾದುದೇನೂ ಕಾಣುವುದಿಲ್ಲ. ಅನ್ನವನ್ನೊಲ್ಲದ ಶಿಶುವಿಗಾಗಿ ರಾಗಿಯ ಹುರಿಹಿಟ್ಟನ್ನೋ ಅವಲಕ್ಕಿಯನ್ನೋ ಸ್ವಲ್ಪ ಒಯ್ದರೆ ಸಾಕು. ಬಿಸಿನೀರು ಎಲ್ಲಿಯೂ ಸಿಗುತ್ತದೆ.

ಈಗ ಎರಡನೆಯ ಆಕ್ಷೇಪ ಉಳಿಯಿತು: ಅಷ್ಟು ದೂರ ಹೋಗಿ ಎಲ್ಲವನ್ನೂ ನೋಡದೆ ಬರಬೇಕೇ? ಈ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸಾಮಾನ್ಯ ಸಂಸಾರಕ್ಕೆ ಇಂಥ ಯಾತ್ರೆ ಜೀವಮಾನದಲ್ಲಿ ಒಮ್ಮೆ ಒದಗುವಂಥದು. ಅದನ್ನು ಪೂರ್ಣವಾಗಿ ಪಡೆಯಬೇಕೆಂಬ ಹಂಬಲ ಗೌರವಕ್ಕೆ ಯೋಗ್ಯವಾದುದು. ವಿಶೇಷವಾಗಿ ಸೆಲ್ಯುಲರ್ ಜೈಲನ್ನು ನೋಡದೆ ಬರುವುದು ಭಾರತೀಯನಾದವನಿಗೆ ಒಪ್ಪತಕ್ಕದ್ದಲ್ಲ. 1906ರಲ್ಲಿ ಕಟ್ಟಿ ಮುಗಿದ ಆ ಸೆರೆಮನೆಯ ನಡುಗೋಪುರದಿಂದ ಏಳು ಶಾಖೆಗಳು ಹೊರಟಿದ್ದವು. ಇಂದು ಮೂರು ಉಳಿದಿವೆ. ಒಬ್ಬ ಬಂದಿಗೆ ಇನ್ನೊಬ್ಬನ ಮುಖ ಕಾಣದಂತೆ ಒಂದು ಶಾಖೆಯ ಮುಂಭಾಗ ಮತ್ತೊಂದರ ಬೆನ್ನನ್ನು ನೋಡುವ ಹಾಗೆ ಅದನ್ನು ಕಟ್ಟಿದ್ದರು. ಆದರೆ ಅದನ್ನು ನೋಡಲು ಹಡಗಿನ ಪ್ರಯಾಣ ಬೇಕಾಗಿಲ್ಲ. ವಿಮಾನಕ್ಕಾಗಿ ಪೋರ್ಟ್ ಬ್ಲೇರಿನಲ್ಲಿ ಹೇಗೂ ತಂಗಬೇಕಾದ ದಿನ, ಬೆಳಗಿನ ತಂಪಿನಲ್ಲಿ, ತಂದೆತಾಯಿಗಳಲ್ಲಿ ಒಬ್ಬರು ಮಗುವನ್ನು ಅಂಗಳದ ಮರದ ನೆರಳಿನಲ್ಲಿ ಆಡಿಸುತ್ತಿರುವಾಗ ಇನ್ನೊಬ್ಬರು ಕೋಣೆಗಳನ್ನು ನೋಡಿ ಬರಬಹುದು. ಯಾತನೆಯ ಕಥೆಯನ್ನು ಕತ್ತಲಲ್ಲಿ ಗಟ್ಟಿದನಿಯಲ್ಲಿ ಕೇಳಿಸುವ ರಾತ್ರಿಯ ಪ್ರದರ್ಶನ ನಾಲ್ಕು ವರ್ಷದ ಮಗುವಿಗಲ್ಲ. ಆ ಕಥೆಯನ್ನು ಅರ್ಥಮಾಡಿಕೊಳ್ಳುವ ವಯಸ್ಸಿಗೆ ಅದು ಮತ್ತೆ ಬರಲಿ. ಉಳಿದ ಸ್ಥಳಗಳ ಮಾತಿಗೆ ನನ್ನ ಉತ್ತರವಿಷ್ಟೆ: ಹಬ್ಬದೂಟದ ಎಲೆಯಲ್ಲಿ ಬಡಿಸಿದ್ದೆಲ್ಲವನ್ನೂ ಮಗುವಿನ ಬಾಯಿಗೆ ತುರುಕುವ ತಾಯಿಯಿಲ್ಲ, ಅದಕ್ಕೆ ಜೀರ್ಣವಾಗುವುದನ್ನು ಮಾತ್ರ ಆರಿಸಿ ಉಣ್ಣಿಸುತ್ತಾಳೆ. ಪೂರ್ಣತೆಯೆಂಬುದು ಅನುಭವಿಸುವವನ ಶಕ್ತಿಗೆ ಸಂಬಂಧಿಸಿದ್ದೇ ಹೊರತು ಪಟ್ಟಿಯ ಉದ್ದಕ್ಕೆ ಸಂಬಂಧಿಸಿದ್ದಲ್ಲ.

ಮಿತಸಂಚಾರದಿಂದ ನಮ್ಮ ಹಣ ಮಾತ್ರವಲ್ಲ, ದ್ವೀಪವೂ ಉಳಿಯುತ್ತದೆಂಬುದು ಕಡೆಯದಾಗಿ ಹೇಳಬೇಕಾದ ಮಾತು. ಅಂಡಮಾನಿನಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆಯಾದರೂ ಅದನ್ನು ಹಿಡಿದಿಡುವ ದೊಡ್ಡ ನದಿಗಳಿಲ್ಲ. ಪೋರ್ಟ್ ಬ್ಲೇರ್ ಧನಿಖಾರಿ ಜಲಾಶಯವನ್ನು ನೆಚ್ಚಿಕೊಂಡಿದೆ, ಬೇಸಗೆಯಲ್ಲಿ ಕುಡಿಯುವ ನೀರಿಗೆ ಅಲ್ಲಿನ ನಿವಾಸಿಗಳು ಕಷ್ಟಪಡುತ್ತಾರೆ. ಅತಿಥಿಯು ಸುರಿಯುವ ಪ್ರತಿ ಬಕೆಟ್ ನೀರೂ ಅವರ ಪಾಲಿನದು. ಹವಳವು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿದೆ. ಸತ್ತ ಹವಳದ ತುಂಡನ್ನು ಕೂಡ ಚೀಲದಲ್ಲಿಟ್ಟು ತರುವಂತಿಲ್ಲ. ಚಿಪ್ಪುಗಳನ್ನು ಆಯುವ ಆಸೆ ಮಕ್ಕಳಿಗೆ ಸಹಜ. ಬೇಡವೆಂದು ಗದರಿಸುವ ಬದಲು, ಒಂದು ವಾರ ಅದೇ ತೀರದಲ್ಲಿದ್ದ ಮಗುವಿಗೆ ಆ ಚಿಪ್ಪು ಏಡಿಯ ಮನೆಯೆಂದು ತೋರಿಸಬಹುದು. ಬೆಳೆದ ಏಡಿ ಹಳೆಯ ಚಿಪ್ಪನ್ನು ಬಿಟ್ಟು ದೊಡ್ಡದೊಂದನ್ನು ಹುಡುಕುತ್ತದೆ, ತೀರದಲ್ಲಿ ಖಾಲಿ ಚಿಪ್ಪಿಲ್ಲದಿದ್ದರೆ ಅದಕ್ಕೆ ನೆಲೆಯಿಲ್ಲ ಎಂದು ಹೇಳಬಹುದು. ಅರ್ಧ ಗಂಟೆ ಇಳಿದು ಚಿತ್ರ ತೆಗೆದು ಹೊರಡುವ ಪ್ರವಾಸದಲ್ಲಿ ಈ ಪಾಠಕ್ಕೆ ಸಮಯವಿಲ್ಲ. ನಿಧಾನವಾಗಿ ಇದ್ದವನಿಗೆ ಸ್ಥಳದ ಮೇಲೆ ಪ್ರೀತಿ ಹುಟ್ಟುತ್ತದೆ. ಪ್ರೀತಿ ಹುಟ್ಟಿದಲ್ಲಿ ಕಾಯಿದೆಯ ಭಯ ಬೇಕಾಗುವುದಿಲ್ಲ.

ಇಷ್ಟಾದರೂ ವಿಮಾನದ ವೆಚ್ಚವೇ ಅಸಾಧ್ಯವಾದ ಸಂಸಾರಗಳು ನಮ್ಮಲ್ಲಿ ಬಹಳವಿವೆ. ಅವರಿಗೂ ಈ ಸೂತ್ರ ಅನ್ವಯಿಸುತ್ತದೆ. ಮಲ್ಪೆಯಿಂದ ದೋಣಿಯಲ್ಲಿ ಹೋಗಿ ಬರಬಹುದಾದ ಸೇಂಟ್ ಮೇರೀಸ್ ದ್ವೀಪದ ಶಿಲಾಸ್ತಂಭಗಳು ಲಾವಾರಸ ತಣಿದು ರೂಪುಗೊಂಡವು; ಅವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಲಾಗಿದೆ. ಅಲ್ಲಿ ರಾತ್ರಿ ತಂಗುವಂತಿಲ್ಲ, ಮಳೆಗಾಲದಲ್ಲಿ ದೋಣಿಗಳಿಲ್ಲ, ಬಂಡೆಗಳ ನಡುವಣ ನೀರು ಅಪಾಯಕಾರಿ. ಆದರೆ ಮಲ್ಪೆಯಲ್ಲಿಯೋ ಉಡುಪಿಯಲ್ಲಿಯೋ ನಾಲ್ಕು ದಿನ ಒಂದೇ ಮನೆಯಲ್ಲಿದ್ದು, ಒಂದು ಬೆಳಗ್ಗೆ ದ್ವೀಪವನ್ನು ನೋಡಿ, ಉಳಿದ ದಿನಗಳನ್ನು ಮರಳಿನಲ್ಲಿ ಕಳೆದ ಮಗುವಿಗೆ ಕಡಲಿನ ಪರಿಚಯದಲ್ಲಿ ಯಾವ ಕೊರತೆಯೂ ಆಗದು. ಅಂಡಮಾನಿಗೆ ಹೊರಡುವವರಿಗೂ ಇದು ಒಳ್ಳೆಯ ಪೂರ್ವಸಿದ್ಧತೆ: ದೋಣಿಯ ತೂಗಾಟವನ್ನು ಮಗು ಸಹಿಸೀತೇ, ಅಲೆಗೆ ಅಂಜೀತೇ ಎಂಬುದು ದೊಡ್ಡ ಹಣವನ್ನು ಕಟ್ಟುವ ಮೊದಲೇ ತಿಳಿಯುತ್ತದೆ.

ಒಟ್ಟಿನಲ್ಲಿ, ಮಕ್ಕಳೊಡನೆ ಹೊರಡುವ ಗೃಹಸ್ಥನು ಆಯವ್ಯಯದ ಕಾಗದವನ್ನು ಮುಂದಿಟ್ಟುಕೊಂಡಾಗ ಮೊದಲು ಕೇಳಿಕೊಳ್ಳಬೇಕಾದುದು ಯಾವ ಸುಖವನ್ನು ಕಡಿಮೆಮಾಡಲಿ ಎಂದಲ್ಲ, ಯಾವ ಅಲೆದಾಟವನ್ನು ಬಿಡಲಿ ಎಂದು. ಒಳ್ಳೆಯ ಋತು, ಒಂದು ದ್ವೀಪ, ತೀರದ ಬಳಿಯ ಒಂದು ಕೋಣೆ, ಸೂರ್ಯನೂ ಸಮುದ್ರವೂ ಗೊತ್ತುಮಾಡಿದ ದಿನಚರಿ, ಸುರಕ್ಷತೆಯಲ್ಲಿ ಔದಾರ್ಯ, ಸ್ಥಳೀಯರ ನೀರು ನೆಲಗಳ ವಿಷಯದಲ್ಲಿ ಸಂಕೋಚ, ಇವಿಷ್ಟನ್ನು ಪಾಲಿಸಿದರೆ ಸಾಧಾರಣ ವರಮಾನದ ಸಂಸಾರವೂ ಸಾಲದ ಭಾರವಿಲ್ಲದೆ ಕಡಲಿನ ನಡುವೆ ಒಂದು ವಾರ ಬಾಳಿ ಬರಬಹುದು. ಹಣವುಳ್ಳವನು ಪಟ್ಟಿಯಲ್ಲಿರುವುದನ್ನೆಲ್ಲ ಕೊಂಡುಕೊಳ್ಳಬಲ್ಲನಾದುದರಿಂದ ಆರಿಸುವ ಶ್ರಮ ಅವನಿಗೆ ಬೀಳುವುದಿಲ್ಲ. ಮಿತವಾದ ಹಣವುಳ್ಳವನು ಆರಿಸಲೇಬೇಕು. ಆ ಆಯ್ಕೆಯನ್ನು ಮಗುವಿನ ಹಿತವನ್ನೇ ನೋಡಿ ಮಾಡಿದರೆ, ಬಡತನದಿಂದ ಮಾಡಿದ ಯಾತ್ರೆಯೆಂಬ ಸಂಕೋಚಕ್ಕೆ ಕಾರಣವೇ ಇಲ್ಲ. ಮಕ್ಕಳ ಮಟ್ಟಿಗೆ ಅದೇ ಉತ್ತಮವಾದ ಯಾತ್ರೆ.